ಲಿನಕ್ಸ್ ಮಿಂಟ್ 22.2: ಮನೆಯ ಹಳೆ ಲ್ಯಾಪ್‌ಟಾಪಿಗೆ, ಕನ್ನಡದ ಕೆಲಸಕ್ಕೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. 2015, 16ರಲ್ಲಿ ಕೊಂಡ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಇದರಿಂದ ಹೊರಗುಳಿದಿವೆ. ಅಂಥ ಯಂತ್ರಕ್ಕೆ, ಲಿನಕ್ಸ್ ಹೊಸದಾದ ಮನೆಯವರಿಗೆ, ಇವತ್ತು ಒಂದೇ ಹೆಸರು ಹೇಳಬೇಕೆಂದರೆ ಅದು ಲಿನಕ್ಸ್ ಮಿಂಟ್, ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಕಾರ್ಯಾಚರಣ ವ್ಯವಸ್ಥೆ. ಇದು ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್‌ನ ಬುನಾದಿಯ ಮೇಲೆ ನಿಂತಿದೆ, 2029ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕೆಳಗೆ ಮೆನು, ಮೂಲೆಯಲ್ಲಿ ಗಡಿಯಾರ ಮತ್ತು ವೈಫೈ ಇರುವುದರಿಂದ ವಿಂಡೋಸ್ 7 ಬಳಸಿದವರ ಕೈ ಅರ್ಧ ಗಂಟೆಯಲ್ಲಿ ಹೊಂದಿಕೊಳ್ಳುತ್ತದೆ. ಬಳಸುವಾಗ ತೊಡಕು ಕಡಿಮೆ. ತೊಡಕು ಬರುವುದು ಹಾಕುವ ಮುಂಚಿನ ತಯಾರಿಯಲ್ಲಿ, ಆಮೇಲೆ ಕನ್ನಡ ಮತ್ತು ಪ್ರಿಂಟರ್ ವಿಷಯದಲ್ಲಿ. ಹಾಗಾಗಿ ಈ ವಿಮರ್ಶೆಯ ಹೆಚ್ಚು ಪಾಲು ಅವಕ್ಕೇ ಮೀಸಲು.

ಮಿಂಟ್ ಮೂರು ರೂಪದಲ್ಲಿ ಬರುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿ ರ‍್ಯಾಮ್ ಇದ್ದರೆ ಯೋಚನೆಯೇ ಬೇಡ, ಸಿನಮನ್. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ತಂಡದವರು ಕನಿಷ್ಠ 2 ಜಿಬಿ ಸಾಕು ಎನ್ನುತ್ತಾರೆ, ಆದರೆ ರ‍್ಯಾಮ್ ತಿನ್ನುವುದು ಮಿಂಟ್ ಅಲ್ಲ, ಬ್ರೌಸರ್. 2 ಜಿಬಿಯಲ್ಲಿ ನಾಲ್ಕು ಟ್ಯಾಬ್ ತೆರೆದರೆ ಯಾವ ಲಿನಕ್ಸ್ ಆದರೂ ಏದುಸಿರು ಬಿಡುತ್ತದೆ. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಮಿಂಟ್‌ನಿಂದ ಸಿಗುವ ವೇಗಕ್ಕಿಂತ ಆ ಬದಲಾವಣೆಯಿಂದ ಸಿಗುವ ವೇಗ ದೊಡ್ಡದು. ಹಳೆ ಡಿಸ್ಕನ್ನು ಹಾಗೇ ಎತ್ತಿಟ್ಟರೆ ವಿಂಡೋಸೂ ಕಡತಗಳೂ ಅದರಲ್ಲೇ ಭದ್ರ. ಹೊಸಬರಿಗೆ ಇದಕ್ಕಿಂತ ನಿಶ್ಚಿಂತೆಯ ದಾರಿ ಇಲ್ಲ.

ಇಳಿಸಿಕೊಳ್ಳುವ ಐಎಸ್‌ಒ ಕಡತ (ಇಡೀ ಮಿಂಟ್ ಅಡಕವಾಗಿರುವ ಒಂದೇ ಕಡತ) ಸುಮಾರು 3 ಜಿಬಿ. ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿ, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ (ಕಡತದ ಬೆರಳಚ್ಚಿನಂಥ ಸಂಕೇತದೊಂದಿಗೆ) ತಾಳೆ ನೋಡಿ. ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್ ತಾಣಕ್ಕೇ ಕನ್ನ ಬಿದ್ದು, ಹಿಂಬಾಗಿಲು ಸೇರಿಸಿದ 17.3 ಸಿನಮನ್ ಐಎಸ್‌ಒಗೆ ಕೊಂಡಿ ತಿರುಗಿಸಿದ್ದರು. ಪೆನ್‌ಡ್ರೈವ್ 8 ಜಿಬಿಯದಾದರೆ ಆರಾಮ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ಬಲೇನಾ ಎಚ್ಚರ್ ಅಥವಾ ರೂಫಸ್ ಎಂಬ ತಂತ್ರಾಂಶದಿಂದ ಅದನ್ನು ಬರೆಯಬೇಕು. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತುತ್ತಿರಿ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12ವೇ, ಆದರೆ ಹಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಗೆ) ಹೋಗಿ ಆ ಮೆನುವನ್ನು ಚಾಲೂ ಮಾಡಬೇಕು. ಎನ್‌ವಿಡಿಯಾ ಕಾರ್ಡಿನ ಯಂತ್ರದಲ್ಲಿ ಪರದೆ ಕಪ್ಪಾಗಿಯೇ ನಿಂತರೆ ಮತ್ತೆ ಬೂಟ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಪೆನ್‌ಡ್ರೈವ್‌ನಿಂದ ತೆರೆದ ಮಿಂಟ್ ಡಿಸ್ಕನ್ನು ಮುಟ್ಟುವುದಿಲ್ಲ. ಇಲ್ಲಿ ಒಂದು ಗಂಟೆ ಕೂರಬೇಕು. ವೈಫೈ ಸಿಗುತ್ತದೆಯೇ, ಸ್ಪೀಕರ್, ಕ್ಯಾಮೆರಾ, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್‌ನ ಎರಡು ಬೆರಳಿನ ಸ್ಕ್ರೋಲ್, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುವುದು, ಎಲ್ಲವನ್ನೂ ನೋಡಿ. ವೇಗವನ್ನು ಮಾತ್ರ ಇಲ್ಲಿ ಅಳೆಯಬೇಡಿ, ಪೆನ್‌ಡ್ರೈವ್ ನಿಧಾನವೇ. ವೈಫೈ ಕಾಣದಿದ್ದರೆ ಹೆಚ್ಚಾಗಿ ಅದು ಬ್ರಾಡ್‌ಕಾಮ್ ಚಿಪ್. ಮೊಬೈಲನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ತಕ್ಷಣ ನೆಟ್ ಬರುತ್ತದೆ, ಮಿಂಟ್ ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಅದು ತೋರಿಸುವ ಡ್ರೈವರ್ ಹಾಕಿಕೊಳ್ಳಬಹುದು.

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಮಿಂಟ್ ಹಾಕುವವರು ಇಲ್ಲಿ ಅವಸರ ಮಾಡಲೇಬಾರದು. ಮೊದಲು ಫೋಟೊ, ದಾಖಲೆಗಳು ಹೊರಗಿನ ಡಿಸ್ಕಿಗೆ ಹೋಗಲಿ. ಎರಡನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿಯ ಬೀಗ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇರುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಸೆಟ್ಟಿಂಗ್) ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಆ ಕೀ ಇಲ್ಲದಿದ್ದರೆ ಕಡತಗಳ ಆಸೆ ಬಿಡಬೇಕಾದೀತು. ಸೆಟ್ಟಿಂಗ್ಸ್‌ನಲ್ಲಿ ಆ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಮೂರನೆಯದು ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಆಗ ಮಿಂಟ್‌ನಿಂದ ಆ ಪಾರ್ಟಿಷನ್ನಿನ ಕಡತಗಳನ್ನು ಓದಬಹುದೇ ಹೊರತು ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದರ ಗುರುತು ತೆಗೆಯಿರಿ.

ಆಮೇಲೆ ಜಾಗ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. 60 ಜಿಬಿ ಬೇಕಾದರೆ 61440 ಎಂಬಿ ಎಂದು ಬರೆಯಿರಿ. 200 ಜಿಬಿ ಖಾಲಿ ಇದ್ದರೂ ಬರೀ 5 ಜಿಬಿ ಕುಗ್ಗಿಸಬಹುದು ಎಂದು ತೋರಿಸಿದರೆ, ನಡುವೆ ಅಲುಗಾಡಿಸಲಾಗದ ಕಡತ ಕೂತಿದೆ ಎಂದರ್ಥ: ಹೈಬರ್ನೇಷನ್, ಪೇಜ್‌ಫೈಲ್, ಸಿಸ್ಟಂ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಬಿಡುಗಡೆಯಾದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಖಾಲಿ ಬಿಡಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಡಿಸ್ಕ್ ಹಾಳಾಗಿದೆ ಎಂದೇ ಅಲ್ಲ. ಹೆಚ್ಚಾಗಿ ಬಯಾಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿರುತ್ತದೆ, ಅದು ಎಎಚ್‌ಸಿಐ ಆಗಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆಗೆ ಬೀಳಬಹುದು. ಮೊದಲು ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಮ್ಮೆ ವಿಂಡೋಸ್ ಏಳಲು ಬಿಟ್ಟು, ಆ ಗುರುತು ತೆಗೆಯಿರಿ.

ಇನ್‌ಸ್ಟಾಲ್ ಆಗುವುದಂತೂ ಸುಲಭ, ಎಸ್‌ಎಸ್‌ಡಿಯಲ್ಲಿ ಕಾಲು ಗಂಟೆಯ ಕೆಲಸ. ಮಲ್ಟಿಮೀಡಿಯಾ ಕೋಡೆಕ್ಸ್ ಗುರುತು ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಎಂದು ಬಂದರೆ ಅದನ್ನೇ ಆರಿಸಿ ಆ ಪಾಸ್‌ವರ್ಡ್ ಕೊಡಿ. ಗಾಬರಿಯಲ್ಲಿ ಕಂಟಿನ್ಯೂ ಒತ್ತಿದವರಿಗೇ ಆಮೇಲೆ ವೈಫೈ, ಎನ್‌ವಿಡಿಯಾ ಡ್ರೈವರ್ ಕೆಲಸ ಮಾಡದಿರುವುದು. ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಆಯ್ಕೆಗೂ ಡಿಸ್ಕ್ ಅಳಿಸಿ ಹಾಕು ಎಂಬುದಕ್ಕೂ ಒಂದೇ ಕ್ಲಿಕ್ ಅಂತರ, ಮುಂದೆ ಒತ್ತುವ ಮೊದಲು ಇನ್ನೊಮ್ಮೆ ಓದಿ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಮಿಂಟ್ ಎಂಬ ಹೆಸರು ಹುಡುಕಬೇಡಿ, ಅಲ್ಲಿ ಅದು ಉಬುಂಟು ಎಂದೇ ಇರುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ನೇರ ವಿಂಡೋಸೇ ತೆರೆಯತೊಡಗಿದರೆ ಆ ಉಬುಂಟು ಸಾಲನ್ನು ಮೇಲಕ್ಕೆ ತಂದರೆ ಸಾಕು. ಇನ್ನೊಂದು: ಮಿಂಟ್‌ನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿರುತ್ತದೆ. ಮಿಂಟ್ ಯಂತ್ರದ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಟರ್ಮಿನಲ್‌ನಲ್ಲಿ 'timedatectl set-local-rtc 1' ಎಂದು ಕೊಟ್ಟರೆ ಸರಿಹೋಗುತ್ತದೆ.

ಈಗ ಕನ್ನಡ. ಓದಲು ಏನೂ ಮಾಡಬೇಕಿಲ್ಲ, ಬ್ರೌಸರ್‌ನಲ್ಲಿ ಒತ್ತಕ್ಷರ ಸರಿಯಾಗಿಯೇ ಮೂಡುತ್ತವೆ. ಗುಬ್ಬಿ, ನವಿಲು ಫಾಂಟ್‌ಗಳನ್ನು ತಂತ್ರಾಂಶ ಹಾಕಿಕೊಡುವ ಸಿನಾಪ್ಟಿಕ್‌ನಿಂದ ಹಾಕಿಕೊಳ್ಳಬಹುದು. ಟೈಪಿಂಗ್‌ನಲ್ಲೇ ಹೊಸಬರು ದಾರಿ ತಪ್ಪುವುದು. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಎಂಬುದು ಕಾಣುತ್ತದೆ, ನುಡಿ ಬಳಸಿದವರು ಖುಷಿಯಿಂದ ಅದನ್ನೇ ಸೇರಿಸುತ್ತಾರೆ. ಆದರೆ ಅದು ಒಂದು ಕೀಲಿಗೆ ಒಂದು ಚಿಹ್ನೆ ಎಂಬ ಲೆಕ್ಕದ್ದು. ಹಿಂದೆ ವ್ಯಂಜನವಿದೆಯೋ ಇಲ್ಲವೋ ನೋಡಿ ಸ್ವರವನ್ನು ಕಾಗುಣಿತವಾಗಿ ಬದಲಿಸುವ ನುಡಿಯ ಜಾಣತನ ಅದಕ್ಕಿಲ್ಲ. ಬೇಕಾದದ್ದು ಬೇರೆ: ಸಿನಾಪ್ಟಿಕ್‌ನಲ್ಲಿ ಐಬಸ್ (ಹಲವು ಭಾಷೆಗಳ ಟೈಪಿಂಗ್ ವ್ಯವಸ್ಥೆ) ಮತ್ತು ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್ ಎಂಬಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗಿರುವ ಕೆಜಿಪಿ (ಕಗಪ) ಸೇರಿಸಿ. ಇನ್‌ಸ್ಕ್ರಿಪ್ಟ್ ಕೈಗೆ ಕೂತವರಿಗೆ ಅದೂ ಅಲ್ಲೇ ಇದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಲಾಗ್‌ಔಟ್ ಆಗದೆ ಬಿಟ್ಟರೆ ಕೆಲವು ಕಿಟಕಿಗಳಲ್ಲಿ ಕನ್ನಡ ಬರುತ್ತದೆ, ಕೆಲವದರಲ್ಲಿ ಇಲ್ಲ.

ಲಿಬ್ರೆಆಫೀಸ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ ಎಂಬ ದೂರಿಗೆ ಕಾರಣ, ಅದು ಇಂಗ್ಲಿಷಿಗೂ ಭಾರತೀಯ ಲಿಪಿಗಳಿಗೂ ಬೇರೆ ಬೇರೆ ಫಾಂಟ್ ಇಟ್ಟುಕೊಂಡಿರುತ್ತದೆ. ಟೂಲ್ಸ್, ಆಪ್ಷನ್ಸ್, ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ ಕನ್ನಡ ಆರಿಸಿ. ಆಗ ಕನ್ನಡದ ಫಾಂಟಿಗೆ ಪ್ರತ್ಯೇಕ ಪೆಟ್ಟಿಗೆ ತೆರೆದುಕೊಳ್ಳುತ್ತದೆ.

ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆ ಕಡತಗಳು ಮಿಂಟ್‌ನಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆ ಟಿಟಿಎಫ್ ಫಾಂಟ್ ಕಡತವನ್ನು ಎರಡು ಸಲ ಕ್ಲಿಕ್ ಮಾಡಿ ಹಾಕಿಕೊಂಡರೆ ಓದಲು ಬರುತ್ತದೆ, ತಿದ್ದಲು ಬರುವುದಿಲ್ಲ. ನುಡಿ ತಂತ್ರಾಂಶ ವಿಂಡೋಸಿನದು. ಆದ್ದರಿಂದ ವಿಂಡೋಸ್ ಇರುವಾಗಲೇ ಅದರ ಪರಿವರ್ತಕದಲ್ಲಿ ಕಡತಗಳನ್ನು ಯೂನಿಕೋಡ್ ಮಾಡಿಟ್ಟುಕೊಳ್ಳಿ. ಊರಿನ ಸಂಘದ ಲೆಕ್ಕ, ಹಿರಿಯರ ಬರಹ ಇಂಥವೆಲ್ಲ ಎಷ್ಟೋ ಮನೆಗಳಲ್ಲಿ ಈ ರೂಪದಲ್ಲೇ ಉಳಿದಿವೆ, ಅವು ಕೈತಪ್ಪಬಾರದು.

ಪ್ರಿಂಟರ್‌ಗಳಲ್ಲಿ ಎಚ್‌ಪಿ, ಎಪ್ಸನ್ ಟ್ಯಾಂಕ್ ಮಾದರಿಗಳು ಹೆಚ್ಚಾಗಿ ಸರಾಗ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲೂ ಮನೆಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕಷ್ಟದ್ದು. ಅದು ಕ್ಯಾನನ್ ಕಂಪನಿಯದೇ ಆದ ಕ್ಯಾಪ್ಟ್ ಎಂಬ ಭಾಷೆ ಆಡುತ್ತದೆ, ಲಿನಕ್ಸ್‌ಗೆ ಅದರ ಡ್ರೈವರ್ ಹಳೆಯದು, ಹೊಸಬರು ಅದರೊಂದಿಗೆ ಗುದ್ದಾಡುವುದು ಬೇಡ. ಲೆಕ್ಕ ಬರೆಯುವ ಟ್ಯಾಲಿಯೂ ಲಿನಕ್ಸ್‌ಗಾಗಿ ಬಂದದ್ದಲ್ಲ. ಇವೆರಡರಲ್ಲಿ ಒಂದಾದರೂ ದಿನವೂ ಬೇಕಾಗುವ ಮನೆಯಾದರೆ ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳಿ.

ಮೊದಲ ದಿನ ಮುಗಿಯುವ ಮುನ್ನ ವ್ಯವಸ್ಥೆಯ ಪ್ರತಿ (ಸ್ನ್ಯಾಪ್‌ಶಾಟ್) ತೆಗೆದಿಡುವ ಟೈಮ್‌ಶಿಫ್ಟ್ ತೆರೆದು ಆರ್‌ಸಿಂಕ್ ಆರಿಸಿ, ದಿನಕ್ಕೊಂದರಂತೆ ಎರಡು, ವಾರಕ್ಕೊಂದರಂತೆ ಎರಡು ಸ್ನ್ಯಾಪ್‌ಶಾಟ್ ಇಡಲು ಹೇಳಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಹತ್ತು ನಿಮಿಷದಲ್ಲಿ ಮರಳಬಹುದು. 60 ಜಿಬಿಯ ಪಾರ್ಟಿಷನ್ನಿನಲ್ಲಿ ಅದಕ್ಕಿಂತ ಹೆಚ್ಚು ಇಟ್ಟರೆ ಜಾಗ ತುಂಬಿ ಲಾಗಿನ್ನೇ ಆಗದ ಪರಿಸ್ಥಿತಿ ಬರಬಹುದು. ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು ಮಾತ್ರ, ಹೋಮ್ ಫೋಲ್ಡರ್‌ನ ಫೋಟೊ, ಕಡತಗಳಿಗೆ ಬ್ಯಾಕಪ್ ಟೂಲ್ ಬೇರೆ ಇದೆ, ಅದನ್ನು ಹೊರಗಿನ ಡಿಸ್ಕಿಗೆ ತೋರಿಸಬೇಕು.