ಪಿಟ್ಯುಟರಿ ಪ್ಯಾಕೇಜ್: ದುಡ್ಡು ಕೊಡುವ ಮುನ್ನ ಟ್ಯೂಬು, ಗಡಿಯಾರ ಎರಡನ್ನೂ ನೋಡಿ

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬ್‌ಗಳು ಈಗ ಪಿಟ್ಯುಟರಿ ಪ್ರೊಫೈಲ್ ಅಂತಲೂ ಒಂದು ಪ್ಯಾಕೇಜ್ ಮಾರುತ್ತಿವೆ. ಒಳಗೆ ಸಾಮಾನ್ಯವಾಗಿ ಟಿಎಸ್‌ಎಚ್ (ಥೈರಾಯ್ಡನ್ನು ನಡೆಸುವುದು), ಪ್ರೊಲ್ಯಾಕ್ಟಿನ್ (ಎದೆಹಾಲಿನದು), ಎಲ್‌ಎಚ್, ಎಫ್‌ಎಸ್‌ಎಚ್ (ಅಂಡಾಶಯ, ವೃಷಣಗಳನ್ನು ನಡೆಸುವವು), ಕಾರ್ಟಿಸಾಲ್ (ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸುರಿಸುವ, ದೇಹದ್ದೇ ಸ್ಟೀರಾಯ್ಡ್), ಗ್ರೋತ್ ಹಾರ್ಮೋನ್ ಇರುತ್ತವೆ. ಕೆಲವು ಕಡೆ, ಕಾರ್ಟಿಸಾಲ್ ಸುರಿಸಲು ಅಡ್ರಿನಲ್‌ಗೆ ಹೇಳುವ ಪಿಟ್ಯುಟರಿ ಹಾರ್ಮೋನು ಎಸಿಟಿಎಚ್ ಕೂಡ ಉಂಟು. ಪಿಟ್ಯುಟರಿ ಎಂದರೆ ಮೆದುಳಿನ ಬುಡದಲ್ಲಿದ್ದು ಬೇರೆ ಹಾರ್ಮೋನ್ ಗ್ರಂಥಿಗಳನ್ನು ನಡೆಸುವ ಗ್ರಂಥಿ. ಬಟಾಣಿ ಕಾಳಿನಷ್ಟಿರುವ ಅದರ ತೊಂದರೆ ಬೇಗ ಪತ್ತೆಯಾಗಲು ಈ ಸೇವೆ ನಿಜಕ್ಕೂ ನೆರವಾಗುತ್ತದೆ. ಆದರೆ ಇಂಥ ಪಟ್ಟಿಯಲ್ಲೇ ಎರಡು ಕೊರತೆಗಳಿವೆ.

ಒಂದು, ಟಿಎಸ್‌ಎಚ್ ಒಂಟಿಯಾಗಿರುವುದು. ಥೈರಾಯ್ಡೇ ಕೆಟ್ಟಿದ್ದರೆ ಟಿಎಸ್‌ಎಚ್ ಏರುತ್ತದೆ. ಪಿಟ್ಯುಟರಿ ಕೆಟ್ಟಿದ್ದರೆ ಅದು ನಾರ್ಮಲ್ ಅಂತಲೇ ಬರಬಹುದು, ಇಳಿದಿರುವುದು ಫ್ರೀ ಟಿ4 (ಥೈರಾಯ್ಡ್ ಸುರಿಸುವ ಹಾರ್ಮೋನು) ಮಾತ್ರ. ಹಾಗಾಗಿ ಫ್ರೀ ಟಿ4 ಸೇರಿಸಿ ಎಂದು ಬುಕ್ ಮಾಡುವಾಗಲೇ ಹೇಳಿ. ಇನ್ನೊಂದು, ಗ್ರೋತ್ ಹಾರ್ಮೋನ್. ಅದು ಬಿಟ್ಟುಬಿಟ್ಟು ಚಿಮ್ಮುವ ಹಾರ್ಮೋನು. ಯಾವುದೋ ಹೊತ್ತಿನ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಉಂಗುರ ಬಿಗಿಯಾಗುತ್ತಿದೆ, ಚಪ್ಪಲಿ ಸೈಜ್ ಏರುತ್ತಿದೆ ಎನ್ನುವವರಿಗೆ ಬೇಕಾದ್ದು ಗ್ರೋತ್ ಹಾರ್ಮೋನಿನ ಪ್ರಭಾವದಿಂದ ಹುಟ್ಟಿ, ದಿನವಿಡೀ ಹೆಚ್ಚು ಏರಿಳಿಯದ ಐಜಿಎಫ್-1, ಅದೂ ವಯಸ್ಸಿಗೆ ತಕ್ಕ ರೇಂಜ್ ಜೊತೆಗೆ.

ಹೆಚ್ಚು ಕೆಡುವುದು ಎಸಿಟಿಎಚ್. ರಕ್ತದಲ್ಲಿರುವ ಕಿಣ್ವಗಳೇ ಅದನ್ನು ಒಡೆದುಹಾಕುತ್ತವೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ಮೊದಲೇ ತಣ್ಣಗೆ ಮಾಡಿರಬೇಕು, ರಕ್ತ ತುಂಬಿದ ಕೂಡಲೇ ಐಸ್ ನೀರಿನಲ್ಲಿ ಇಡಬೇಕು, ತಂಪು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್ ಮಾಡಬೇಕು. ಬ್ಯಾಗಿನಲ್ಲಿ ಬೇರೆ ಸ್ಯಾಂಪಲ್‌ಗಳ ಜೊತೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸುತ್ತಿ ಬಂದ ಟ್ಯೂಬಿನಲ್ಲಿ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಕಾರ್ಟಿಸಾಲ್ ಹೆಚ್ಚಿದ್ದು ಎಸಿಟಿಎಚ್ ಕಡಿಮೆ ಕಂಡರೆ ಹುಡುಕಾಟ ಅಡ್ರಿನಲ್ ಕಡೆ ಹೋಗುತ್ತದೆ, ಗಡ್ಡೆ ಪಿಟ್ಯುಟರಿಯಲ್ಲೇ ಇದ್ದರೂ. ಇದೊಂದಕ್ಕೆ ಮನೆ ಸೇವೆ ಬೇಡ. ಸೆಂಟ್ರಿಫ್ಯೂಜ್ ಇರುವ ಲ್ಯಾಬಿಗೇ ಹೋಗಿ ಕೊಡಿ.

ಉಳಿದವಕ್ಕೆ ಮನೆ ಸೇವೆ ಸಾಕು, ಹೊತ್ತು ತಪ್ಪದಿದ್ದರೆ. ಕಾರ್ಟಿಸಾಲ್ ಬೆಳಿಗ್ಗೆ 8ರಿಂದ 9ರೊಳಗೆ ಆಗಬೇಕು. ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ಏರಿರುವುದರಿಂದ 6ಕ್ಕೇ ಎದ್ದಿರಬೇಕು. ಗಂಡಸರಿಗೆ ಟೆಸ್ಟೋಸ್ಟಿರೋನ್ ಸೇರಿಸುವುದಾದರೆ ಖಾಲಿ ಹೊಟ್ಟೆ. ‘ಹನ್ನೊಂದಕ್ಕೆ ಬರ್ತೀವಿ’ ಎಂದರೆ ಒಪ್ಪಬೇಡಿ, ಬೇರೆ ದಿನದ ಸ್ಲಾಟ್ ಕೇಳಿ.

ಪ್ರೊಲ್ಯಾಕ್ಟಿನ್ ಏರಿದೆ ಎಂದಾಗ ಗಾಬರಿಯಾಗುವ ಮೊದಲು ಮಾತ್ರೆ ಡಬ್ಬಿ ನೋಡಿ. ನಮ್ಮಲ್ಲಿ ಗ್ಯಾಸ್ ಮಾತ್ರೆ ಎಂದು ನುಂಗುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್, ಇಲ್ಲವೆ ಲೆವೊಸಲ್ಪಿರೈಡ್ ಇರುತ್ತದೆ. ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಕೂದಲಿಗೆಂದು ತಿನ್ನುವ ಬಯೋಟಿನ್ ಇನ್ನೂ ಮೋಸಗಾರ: ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್, ಪ್ರೊಲ್ಯಾಕ್ಟಿನ್‌ಗಳನ್ನು ಕಡಿಮೆ ತೋರಿಸಿ, ಫ್ರೀ ಟಿ4, ಕಾರ್ಟಿಸಾಲ್‌ಗಳನ್ನು ಹೆಚ್ಚು ತೋರಿಸುತ್ತದೆ. ಮೂರು ದಿನ ಮೊದಲೇ ನಿಲ್ಲಿಸಿ. ಗಡ್ಡೆ ದೊಡ್ಡದಿದ್ದು ಪ್ರೊಲ್ಯಾಕ್ಟಿನ್ ಸ್ವಲ್ಪವೇ ಏರಿದ್ದರೆ, ಸ್ಯಾಂಪಲ್ಲನ್ನು ನೂರು ಪಟ್ಟು ತೆಳುಮಾಡಿ ಮತ್ತೆ ನೋಡಲು ಲ್ಯಾಬಿಗೆ ಹೇಳಬೇಕಾಗುತ್ತದೆ. ಹಾರ್ಮೋನು ಅತಿಯಾದಾಗ ಪರೀಕ್ಷೆಯೇ ಸೋತು ಕಡಿಮೆ ಅಂಕಿ ಕೊಡುವುದುಂಟು.

ಪ್ಯಾಕೇಜಿನಲ್ಲಿ ಅಗ್ಗದ ಒಂದು ಸುಳಿವೂ ಇದೆ. ಮುಟ್ಟು ನಿಂತ ಹೆಂಗಸರಲ್ಲಿ ಎಫ್‌ಎಸ್‌ಎಚ್ ಚೆನ್ನಾಗಿ ಏರಿರಬೇಕು. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳದೆಯೂ ಅದು ಕಡಿಮೆ ಇದ್ದರೆ ಪಿಟ್ಯುಟರಿಯನ್ನು ಅನುಮಾನಿಸಲೇಬೇಕು.

ಯಾರು ಮಾಡಿಸಬೇಕು? ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟೂ ಮರಳದವರು. ಕೊಳಕುಮಂಡಲ ಕಚ್ಚಿ ಬದುಕುಳಿದು, ತಿಂಗಳುಗಳ ಬಳಿಕವೂ ಸುಸ್ತು ಬಿಡದವರು. ಅದರ ವಿಷ ಪಿಟ್ಯುಟರಿಯನ್ನು ಹಾಳುಮಾಡಬಲ್ಲದು. ಪಕ್ಕದ ನೋಟ ಮಸುಕಾದವರು ಮಾತ್ರ ರಿಪೋರ್ಟ್ ನಾರ್ಮಲ್ ಎಂದು ಸುಮ್ಮನಿರಬಾರದು. ಹಾರ್ಮೋನು ಸುರಿಸದ ಗಡ್ಡೆ ರಕ್ತದಲ್ಲಿ ಕಾಣದೆಯೂ ಇರಬಹುದು, ಅದಕ್ಕೆ ಎಂಆರ್‌ಐ ಬೇಕು.

ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಅದೇ ದಿನ ಎಂಡೋಕ್ರೈನ್ ವೈದ್ಯರನ್ನು ಕಾಣಿ. ಈಚೆಗೆ ಕೀಲುನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಫ್ರೀ ಟಿ4 ಕೂಡ ಕಡಿಮೆ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ. ಈ ಕ್ರಮ ತಿರುಗುಮುರುಗಾದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.