ಪ್ರೋಗ್ರಾಂ ಡೈರೆಕ್ಟರ್ ಕೆಲಸಕ್ಕೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ: ನನ್ನ ಒಂಬತ್ತು ತಿಂಗಳ ಪಾಡು

ಹೋದ ವಾರ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಗೆ ಪ್ರೋಗ್ರಾಂ ಡೈರೆಕ್ಟರ್ ಬೇಕಂತೆ, ತುರ್ತಾಗಿ ಬೇಕಂತೆ, ಸಮಾಜಕ್ಕೆ ಏನಾದರೂ ಮಾಡುವ ತುಡಿತ ಇದ್ದವರೇ ಅರ್ಜಿ ಹಾಕಬೇಕಂತೆ. ಅದೇ ಸಾಲುಗಳು, ಅದೇ ಅಕ್ಷರ ತಪ್ಪುಗಳು. 2022ರಲ್ಲಿ ನಾನು ನೋಡಿ ಅರ್ಜಿ ಹಾಕಿದ್ದು ಇದನ್ನೇ. ನಾನು ಬಿಟ್ಟ ಮೇಲೆ ಆ ಕುರ್ಚಿ ಖಾಲಿಯಾಗಿರುವುದು ಇದು ಮೂರನೇ ಸಲ. ಸಂಸ್ಥೆಯ ಹೆಸರು ಹೇಳುವುದಿಲ್ಲ, ದಯವಿಟ್ಟು ಇನ್‌ಬಾಕ್ಸ್‌ನಲ್ಲೂ ಕೇಳಬೇಡಿ. ಅಲ್ಲಿ ಏನಾಯಿತು ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ನಾನು ಈ ಕ್ಷೇತ್ರಕ್ಕೆ ಹೊಸಬಳಲ್ಲ. ಕೊಪ್ಪಳದಲ್ಲಿ ಫೀಲ್ಡ್ ಕೋಆರ್ಡಿನೇಟರ್ ಆಗಿ ಶುರು ಮಾಡಿ, ಬಸ್ಸು, ಟಂಟಂ, ಸಿಕ್ಕಿದ ಬೈಕಿನ ಹಿಂದೆ ಕೂತು ಹಳ್ಳಿ ಸುತ್ತಿ, ಆಮೇಲೆ ಪ್ರೋಗ್ರಾಂ ಆಫೀಸರ್, ಮ್ಯಾನೇಜರ್ ಅಂತ ಹದಿನಾಲ್ಕು ವರ್ಷ ಕಳೆದವಳು. ಆದರೂ ಮೋಸ ಹೋದೆ. ನಿಜ ಹೇಳಬೇಕೆಂದರೆ 'ಡೈರೆಕ್ಟರ್' ಅನ್ನುವ ಪದ ನನ್ನ ತಲೆ ತಿರುಗಿಸಿತು. ಗದಗದಲ್ಲಿ ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇಂಟರ್‌ವ್ಯೂ ಮಾಡಿದ್ದು ಫೌಂಡರ್ ಸರ್ ಮತ್ತು ಅವರ ಹೆಂಡತಿ. ಖಜಾಂಚಿ ಆಕೆಯೇ. ಇನ್ನೊಬ್ಬ ಟ್ರಸ್ಟಿ ಅವರ ಭಾವಮೈದುನ ಅಂತ ಆಮೇಲೆ ಗೊತ್ತಾಯಿತು. ಎರಡು ತಾಸು ಮಾತಾಡಿದರು. ಹೆಣ್ಣುಮಕ್ಕಳ ಶಿಕ್ಷಣ, ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು, ಮುಂದೆ ಯಾದಗಿರಿಗೂ ಹೋಗೋಣ ಅಂತ. ಚೆನ್ನಾಗಿಯೇ ಮಾತಾಡಿದರು. ದುಡ್ಡಿನ ಮಾತು ಬಂದಾಗ ಮಾತ್ರ 'ಅದನ್ನೆಲ್ಲ ನಾವು ನೋಡ್ಕೋತೀವಿ, ನೀವು ಪ್ರೋಗ್ರಾಂ ನೋಡಿ ಸಾಕು' ಅಂದರು. ನನಗೆ ಅದು ಹಿತವಾಗಿ ಕೇಳಿಸಿತ್ತು. ನನ್ನ ದೊಡ್ಡ ತಪ್ಪು ಅದೇ.

ತಿಂಗಳಿಗೆ 1,10,000 ಅಂದರು. ಕಾಗದ ಬಂದಾಗ ನೋಡಿದರೆ ಅದು ನೇಮಕಾತಿ ಪತ್ರ ಅಲ್ಲ, 11 ತಿಂಗಳ ಕನ್ಸಲ್ಟೆಂಟ್ ಒಪ್ಪಂದ. ಪಿಎಫ್ ಇಲ್ಲ, ರಜೆ ಲೆಕ್ಕ ಇಲ್ಲ, ಸಂಬಳದ ಬದಲು 'ಫೀಸ್', ಅದರಲ್ಲಿ ಶೇ 10 ಟಿಡಿಎಸ್ (ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿದು ಕೈಗೆ 99,000. ಕೇಳಿದ್ದಕ್ಕೆ 'ಎಲ್ಲಾ ಎನ್‌ಜಿಓಗಳಲ್ಲೂ ಈಗ ಹೀಗೇ ಮೇಡಂ, ಎಫ್‌ಸಿಆರ್‌ಎ ರೂಲ್ಸ್ ಬಿಗಿ ಆಗಿದೆ ಅಲ್ವಾ' ಅಂದರು. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆಯ ಕಾಯ್ದೆ.

ಇಲ್ಲಿ ಅರ್ಧ ಸತ್ಯ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಕೆಲಸ ಹುಡುಕುವವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಆ ಹಣದಲ್ಲಿ ಆಡಳಿತ ಖರ್ಚಿಗೆ ಅರ್ಧದಷ್ಟು ಬಳಸಬಹುದಿತ್ತು. 2020ರ ತಿದ್ದುಪಡಿ ಅದನ್ನು ಶೇ 50ರಿಂದ 20ಕ್ಕೆ ಇಳಿಸಿತು. ಶಾಲೆಯ ಟೀಚರು, ಆಸ್ಪತ್ರೆಯ ಡಾಕ್ಟರು ಇಂಥವರ ಸಂಬಳ ಆಡಳಿತ ಖರ್ಚಿಗೆ ಸೇರುವುದಿಲ್ಲ. ಆದರೆ ಕೆಲಸ ನೋಡಿಕೊಳ್ಳುವವರ, ಅಂದರೆ ಮ್ಯಾನೇಜ್‌ಮೆಂಟಿನವರ ಸಂಬಳ ಅದಕ್ಕೇ ಸೇರುತ್ತದೆ. ಪ್ರೋಗ್ರಾಂ ಡೈರೆಕ್ಟರ್ ಬರುವುದು ಎಲ್ಲಿ ಹೇಳಿ? ಹಾಗಾಗಿ ನಮ್ಮಂಥವರ ಸಂಬಳವನ್ನು ಎಲ್ಲೆಲ್ಲಿಂದಲೋ ಚೂರು ಚೂರು ಕಿತ್ತು ಹೊಂದಿಸುತ್ತಾರೆ. ನನ್ನ ಸಂಬಳದಲ್ಲಿ ಶೇ 40 ಒಂದು ಕಂಪನಿಯ ಸಿಎಸ್‌ಆರ್ ಹಣದಿಂದ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ), 30 ಇನ್ನೊಂದು ಸಣ್ಣ ಪ್ರಾಜೆಕ್ಟಿನಿಂದ, 30 ವಿದೇಶಿ ದೇಣಿಗೆಯಿಂದ. ಇದು ನನಗೆ ಗೊತ್ತಾಗಿದ್ದು ಸೇರಿ ನಾಲ್ಕು ತಿಂಗಳಾದ ಮೇಲೆ, ಅದೂ ಅಕೌಂಟೆಂಟ್ ಹುಡುಗ ಕಾಫಿ ಕುಡಿಯುತ್ತಾ ಬಾಯಿ ಬಿಟ್ಟಿದ್ದರಿಂದ.

ಅವನೇ ಇನ್ನೊಂದು ಹೇಳಿದ. ಸಂಸ್ಥೆಯ ಎಫ್‌ಸಿಆರ್‌ಎ ನೋಂದಣಿಯ ಐದು ವರ್ಷದ ಅವಧಿ ಯಾವತ್ತೋ ಮುಗಿದಿತ್ತು. ರಿನ್ಯೂವಲ್ ಅರ್ಜಿ ಬಾಕಿ ಇದ್ದವರಿಗೆ ಸರ್ಕಾರ ಆಗ ಅವಧಿ ಮುಂದೂಡುತ್ತಾ ಬರುತ್ತಿತ್ತಲ್ಲ, ಆ ಮುಂದೂಡಿಕೆಯ ಮೇಲೆ ಇವರು ಉಸಿರಾಡುತ್ತಿದ್ದರು. 2022ರ ನವೆಂಬರಿನಲ್ಲಿ ರಿನ್ಯೂವಲ್ ಆಗುವುದಿಲ್ಲ ಅಂತ ಬಂತು. ಅಲ್ಲಿಗೆ ವಿದೇಶಿ ಹಣ ಮುಟ್ಟುವ ಹಾಗಿಲ್ಲ. ನನ್ನ ಶೇ 30 ಹೋಯಿತು. ನನ್ನದು ಹೋದರೆ ಹೋಗಲಿ, ಫೀಲ್ಡಿನ 42 ಜನರಲ್ಲಿ ಹದಿನೈದು ಜನರ ಪೂರ್ತಿ ಪಗಾರ ಅದರಲ್ಲೇ ಇತ್ತು.

ಈ 42 ಜನರ ಕಥೆ ಕೇಳಿ. ಕಾಗದದಲ್ಲಿ ನೌಕರರು 17 ಮಾತ್ರ. ಉಳಿದ 25 ಜನ 'ಸ್ವಯಂಸೇವಕರು', ಅವರಿಗೆ ಕೊಡುವುದು 'ಗೌರವಧನ'. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ, ಸಂಜೆ ಆ್ಯಪಿನಲ್ಲಿ ಫೋಟೊ, ತಿಂಗಳಿಗೆ ಟಾರ್ಗೆಟ್, ಆದರೂ ಸ್ವಯಂಸೇವಕರು. ಯಾಕೆ ಅಂದರೆ 20 ಅಥವಾ ಹೆಚ್ಚು ಜನ ಇದ್ದರೆ ಪಿಎಫ್ ಕಟ್ಟಬೇಕು. ಸಮಾಜದ ನ್ಯಾಯದ ಬಗ್ಗೆ ಗೋಡೆ ತುಂಬಾ ಪೋಸ್ಟರ್ ಅಂಟಿಸಿಕೊಂಡ ಆಫೀಸಿನಲ್ಲಿ ಇದು ನಡೆಯುತ್ತಿತ್ತು.

ಡಿಸೆಂಬರಿನಿಂದ ದೇವದುರ್ಗದಿಂದ ಫೋನ್ ಶುರುವಾಯಿತು. ಫೌಂಡರ್ ಸರ್‌ಗಲ್ಲ, ನನಗೆ. ಅವರ ಪಾಲಿಗೆ ಸಂಸ್ಥೆ ಅಂದರೆ ನಾನು. 'ಮೇಡಂರೀ, ಪಗಾರ ಯಾವಾಗ ಆಕ್ಕೈತ್ರೀ? ದುಕಾನದಾಗ ಉದ್ರಿ ಕೊಡೋದು ಬಿಟ್ಟಾರ್ರೀ' ಅಂತ ಒಬ್ಬಾಕೆ. ನಾನು ಮುಂದಿನ ಸೋಮವಾರ ಅಂದೆ, ಯಾಕೆಂದರೆ ನನಗೆ ಮೇಲಿನವರು ಮುಂದಿನ ಸೋಮವಾರ ಅಂದಿದ್ದರು. ಐದು ಸೋಮವಾರ ಹೀಗೇ ಸುಳ್ಳು ಹೇಳಿದೆ. ಆರನೇ ಸೋಮವಾರ ಆಕೆ ಫೋನ್ ಮಾಡಲಿಲ್ಲ. ಅದು ಇನ್ನೂ ಜಾಸ್ತಿ ನೋವಾಯಿತು.

ಜೀಪಿನವರದು ಇನ್ನೊಂದು. ಸರ್ವೆಗೆ ಬಾಡಿಗೆ ಗಾಡಿ ಬಿಟ್ಟಿದ್ದರು, 38,000 ಬಾಕಿ. ಆಫೀಸಿಗೆ ಬಿಲ್ಲು ಕಳಿಸಿ ಕಳಿಸಿ ಸಾಕಾಗಿ ಕೊನೆಗೆ ನನಗೇ ಹೇಳಿದರು, 'ನಿಮ್ಮ ಮುಖ ನೋಡಿ ಗಾಡಿ ಬಿಟ್ಟೇನ್ರೀ ಮೇಡಂ, ಆ ಬೆಂಗಳೂರಿನವರು ಯಾರು ಅಂತ ನನಗೇನ್ ಗೊತ್ರೀ.' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರ್ಚ್ ಬಂತು. ಎನ್‌ಜಿಓದಲ್ಲಿ ಇದ್ದವರಿಗೆ ಮಾರ್ಚ್ ಅಂದರೆ ಏನು ಅಂತ ಗೊತ್ತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. 2021ರಿಂದ ಅದು ಇನ್ನೂ ಬಿಗಿಯಾಗಿದೆ. ಎನ್‌ಜಿಓ ಖಾತೆಗೆ ದುಡ್ಡು ಹಾಕಿದರೆ ಖರ್ಚಾದಂತೆ ಅಲ್ಲ, ಎನ್‌ಜಿಓ ಅದನ್ನು ನಿಜವಾಗಿ ಬಳಸಿರಬೇಕು. ಬಳಸದೇ ಉಳಿದರೆ, ನಡೆಯುತ್ತಿರುವ ಪ್ರಾಜೆಕ್ಟಿನದಾದರೆ, ವರ್ಷ ಮುಗಿದ 30 ದಿನದೊಳಗೆ ಕಂಪನಿ ಅದನ್ನು ಬೇರೆ ಖಾತೆಗೆ ಹಾಕಬೇಕು. ಕಂಪನಿಯ ಹಣಕಾಸು ಮುಖ್ಯಸ್ಥರು ಸಹಿ ಹಾಕಿ ದೃಢೀಕರಿಸಬೇಕು. ಅವರು ಸಹಿ ಹಾಕಬೇಕೆಂದರೆ ನಮ್ಮ ಯುಸಿ ಬೇಕು, ಅಂದರೆ ಹಣ ಬಳಕೆಯ ಪ್ರಮಾಣಪತ್ರ. ಯುಸಿ ಜೊತೆ ಕೆಲಸ ಆಗಿದೆ ಅನ್ನುವ ವರದಿ ಬೇಕು. ವರದಿಗೆ ಸಹಿ ಯಾರದು? ಪ್ರೋಗ್ರಾಂ ಡೈರೆಕ್ಟರದು.

ಸಿಎಸ್‌ಆರ್ ಕಂಪನಿಯಿಂದ ಬಂದಿದ್ದ ದುಡ್ಡು 42 ಲಕ್ಷ. ಫೀಲ್ಡಿನಲ್ಲಿ ಖರ್ಚಾಗಿದ್ದು ನನ್ನ ಲೆಕ್ಕದಲ್ಲಿ 27 ಲಕ್ಷದ ಆಸುಪಾಸು. ಉಳಿದದ್ದು ಬೆಂಗಳೂರಿನ ಆಫೀಸಿನ ಬಾಡಿಗೆ, ಹಳೆ ಸಾಲ, ಇನ್ಯಾವುದೋ ಪ್ರಾಜೆಕ್ಟಿನ ತೂತು ಮುಚ್ಚೋಕೆ ಹೋಗಿತ್ತು. ವರದಿಯಲ್ಲಿ 60 ಕಲಿಕಾ ಕೇಂದ್ರ ಅಂತ ಬರೆದಿದ್ದರು. ಇದ್ದದ್ದು 37. ಪೆನ್ನು ಮುಂದೆ ಇಟ್ಟು 'ಇದು ಫಾರ್ಮಾಲಿಟಿ ಮೇಡಂ, ಏಪ್ರಿಲಲ್ಲಿ ಉಳಿದದ್ದು ತೆರೆದುಬಿಡೋಣ' ಅಂದರು.

ನಾನು ಸಹಿ ಹಾಕಲಿಲ್ಲ ಅಂತ ಎದೆ ತಟ್ಟಿಕೊಳ್ಳಲು ಆಗುವುದಿಲ್ಲ. ಅಕ್ಟೋಬರಿನಲ್ಲಿ ಬಂದ ಅರ್ಧವಾರ್ಷಿಕ ವರದಿಗೆ ಓದದೇ ಸಹಿ ಹಾಕಿದ್ದೆ. ಅದರಲ್ಲೂ ಅಂಕಿ ಉಬ್ಬಿಸಿದ್ದರು. ಮಾರ್ಚಿನದಕ್ಕೆ ಹಾಕಲಿಲ್ಲ. ಮರುದಿನದಿಂದ ಇಮೇಲ್ ಬಂದ್ ಆಯಿತು, ವಾಟ್ಸಾಪ್ ಗುಂಪಿನಿಂದ ತೆಗೆದರು. ಜನವರಿ, ಫೆಬ್ರುವರಿ, ಮಾರ್ಚ್ ಮೂರು ತಿಂಗಳ ದುಡ್ಡು, 2,97,000, ಇವತ್ತಿಗೂ ಬಂದಿಲ್ಲ. ಆದಾಯ ತೆರಿಗೆಯ 26ಎಎಸ್ (ನಮ್ಮ ಹೆಸರಿನಲ್ಲಿ ಎಷ್ಟು ತೆರಿಗೆ ಕಟ್ಟಿದ್ದಾರೆ ಅನ್ನುವ ಪಟ್ಟಿ) ತೆಗೆದು ನೋಡಿದರೆ ಅಕ್ಟೋಬರಿನಿಂದ ನನ್ನಿಂದ ಹಿಡಿದ ಟಿಡಿಎಸ್ಸನ್ನೂ ಕಟ್ಟಿರಲಿಲ್ಲ.

ಲೇಬರ್ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಒಪ್ಪಂದ ಓದಿ, ಕನ್ನಡಕ ಮೇಲೆ ಮಾಡಿ, 'ನೀವು ಡೈರೆಕ್ಟರ್ ಅಂತ ಇದೆಯಲ್ಲಮ್ಮ, ಕಾರ್ಮಿಕರು ಹೇಗಾಗ್ತೀರಿ? ಅದೂ ಕನ್ಸಲ್ಟೆಂಟ್' ಅಂದರು. ಅವರ ತಪ್ಪಿಲ್ಲ. ಮ್ಯಾನೇಜರ್ ದರ್ಜೆಯವರನ್ನು ಕಾರ್ಮಿಕ ವಿವಾದದ ಕಾನೂನು ಕಾರ್ಮಿಕರು ಅಂತ ನೋಡುವುದಿಲ್ಲ. ಅಮ್ಮ ಓಣಿಗೆಲ್ಲ ಹೇಳಿದ ಆ ಪದವೇ ನನ್ನ ಕಾಲಿಗೆ ತೊಡರಿತು. ಉಳಿದದ್ದು ಸಿವಿಲ್ ದಾವೆ. ವಕೀಲರ ನೋಟಿಸಿಗೆ 'ಸೇವೆ ತೃಪ್ತಿಕರವಾಗಿರಲಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಕೋರ್ಟಿಗೆ ಅಲೆಯುವ ಶಕ್ತಿ ಇರಲಿಲ್ಲ, ಬಿಟ್ಟೆ.

ಆಮೇಲೆ ಕೆಲಸ ಹುಡುಕಿದ್ದು ಇನ್ನೊಂದು ಪುರಾಣ. ಎನ್‌ಜಿಓ ಕೆಲಸಗಳ ಜಾಹೀರಾತು ಬರುವ ಡೆವ್‌ನೆಟ್, ಲಿಂಕ್ಡ್‌ಇನ್ ಎಲ್ಲಾ ತಡಕಿದೆ. ಒಂದು ಕಡೆ ಇಂಟರ್‌ವ್ಯೂಗೆ ಮುಂಚೆ 'ಸಣ್ಣ ಅಸೈನ್‌ಮೆಂಟ್' ಅಂತ ಕಲ್ಯಾಣ ಕರ್ನಾಟಕಕ್ಕೆ ಮೂರು ವರ್ಷದ ಯೋಜನೆ, ಬಜೆಟ್ ಸಮೇತ ಬರೆದುಕೊಡಿ ಅಂದರು. ನಾಲ್ಕು ರಾತ್ರಿ ಕೂತು ಬರೆದೆ. ಕೆಲಸ ಕೊಡಲಿಲ್ಲ. ಏಳು ತಿಂಗಳ ನಂತರ ಗೆಳತಿಯೊಬ್ಬಳು ಕಳಿಸಿದ ಅವರ ಪ್ರಪೋಸಲ್ ನೋಡಿದರೆ ನನ್ನ ಟೇಬಲ್‌ಗಳು, ನನ್ನದೇ ತಾಲ್ಲೂಕುಗಳ ಕ್ರಮ. ಈಗ ಯಾರಾದರೂ ಅಸೈನ್‌ಮೆಂಟ್ ಕೇಳಿದರೆ ಎರಡು ಪುಟ ಬರೆಯುತ್ತೇನೆ, ಬಜೆಟ್ ಬರೆಯುವುದಿಲ್ಲ, ಬೇಕಾದರೆ ಎದುರು ಕೂತು ಮಾತಾಡುತ್ತೇನೆ ಅನ್ನುತ್ತೇನೆ. ವಿಶ್ವಸಂಸ್ಥೆಯ ಕೆಲಸ ಅಂತ ಫೀಸು ಕೇಳುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಿಶ್ವಸಂಸ್ಥೆ ನೇಮಕಾತಿಗೆ ಯಾವ ಹಂತದಲ್ಲೂ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಷ್ಟೇ.

2025ರ ಜನವರಿಯಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯ ಹಣ ನಿಂತ ಮೇಲೆ ಪೈಪೋಟಿ ಇನ್ನೂ ಜಾಸ್ತಿ. ಇಪ್ಪತ್ತು ವರ್ಷ ಅನುಭವ ಇದ್ದವರೂ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಇಂಥ ಹೊತ್ತಿನಲ್ಲೇ ಕೈಗೆ ಸಿಕ್ಕಿದ್ದು ಹಿಡಿದುಕೊಳ್ಳೋಣ ಅನ್ನಿಸುವುದು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮೂರ ಹುಡುಗರು ಫೋನ್ ಮಾಡಿ 'ಅಕ್ಕಾ, ಒಂದು ಕಡೆ ಸ್ಟೇಟ್ ಲೀಡ್ ಅಂತ ಕೊಡ್ತಾರಂತೆ' ಅನ್ನುತ್ತಾರೆ. ಹುದ್ದೆಯ ಹೆಸರು ಬಿಡ್ರೋ, ಚೆಕ್ಕಿಗೆ ಸಹಿ ಯಾರದು ಅಂತ ಕೇಳಿ ಅನ್ನುತ್ತೇನೆ.

ಈಗ ನಾನು ಇಂಟರ್‌ವ್ಯೂನಲ್ಲಿ ಕೇಳುವುದು ಇಷ್ಟು. ನನ್ನ ಸಂಬಳ ಯಾವ ಯಾವ ಪ್ರಾಜೆಕ್ಟಿನಿಂದ, ಅವು ಯಾವ ತಿಂಗಳು ಮುಗಿಯುತ್ತವೆ. ಬಜೆಟ್ಟಿನಲ್ಲಿ ಎಷ್ಟು ರೂಪಾಯಿವರೆಗೆ ನಾನೇ ಮಂಜೂರು ಮಾಡಬಹುದು, ಬ್ಯಾಂಕ್ ಲೆಕ್ಕ ನನಗೆ ನೋಡಲು ಸಿಗುತ್ತದಾ. ಎಫ್‌ಸಿಆರ್‌ಎ ಇದ್ದರೆ ಎಲ್ಲಿಯವರೆಗೆ. ಕೇಂದ್ರ ಗೃಹ ಸಚಿವಾಲಯ 2022ರಲ್ಲಿ ತನ್ನ ವೆಬ್‌ಸೈಟಿನಿಂದ ಎನ್‌ಜಿಓಗಳ ವಾರ್ಷಿಕ ಲೆಕ್ಕ, ರದ್ದಾದವರ ಪಟ್ಟಿ ಎಲ್ಲಾ ತೆಗೆದುಹಾಕಿತು, ಹಾಗಾಗಿ ಸರ್ಟಿಫಿಕೇಟ್, ಆಡಿಟ್ ವರದಿ ಎರಡನ್ನೂ ಅವರಿಂದಲೇ ಕೇಳಿ ಪಡೆಯಬೇಕು. ಟ್ರಸ್ಟಿಗಳ ಪಟ್ಟಿ ನೀತಿ ಆಯೋಗದ ಎನ್‌ಜಿಓ ದರ್ಪಣ್ ವೆಬ್‌ಸೈಟಿನಲ್ಲಿ ಇರುತ್ತದೆ, ಒಂದೇ ಅಡ್ಡಹೆಸರು ಮೂರು ಸಲ ಕಂಡರೆ ಸ್ವಲ್ಪ ಯೋಚಿಸಿ. ಇನ್ನು ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು: ಸೇರುವ ಮುಂಚೆ ಫೀಲ್ಡಿಗೆ ಒಂದು ದಿನ ಹೋಗಿ, ಅಲ್ಲಿನ ಹುಡುಗಿಯರ ಜೊತೆ ಚಹಾ ಕುಡಿದು, ಹೋದ ತಿಂಗಳ ಪಗಾರ ಯಾವ ತಾರೀಖು ಬಂತು ಅಂತ ಕೇಳಿ. ಅವರು ಸುಳ್ಳು ಹೇಳುವುದಿಲ್ಲ. ಸುಮ್ನೆ ಮುಖ ಮುಖ ನೋಡಿಕೊಂಡರೂ ಸಾಕು, ಉತ್ತರ ಸಿಕ್ಕಿತು.

ಇದನ್ನೆಲ್ಲ ಕೇಳಿದ್ದಕ್ಕೆ ಎರಡು ಕಡೆ ಮತ್ತೆ ಕರೆಯಲೇ ಇಲ್ಲ. ಮೂರನೇ ಕಡೆ ಅಕೌಂಟ್ಸ್ ನೋಡಿಕೊಳ್ಳುವ ಹಿರಿಯರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ 'ನೋಡಿಕೊಳ್ಳಮ್ಮ' ಅಂದರು. ಈಗ ಅಲ್ಲೇ ಇದ್ದೇನೆ. ಹುದ್ದೆ ಪ್ರೋಗ್ರಾಂ ಮ್ಯಾನೇಜರ್, ಕೈಗೆ ಬರುವುದು ಹಿಂದಿಗಿಂತ ಹದಿನೇಳು ಸಾವಿರ ಕಮ್ಮಿ, ಪಿಎಫ್ ಇದೆ, ತಿಂಗಳ ಕೊನೇ ದಿನ ಸಂಬಳ ಬರುತ್ತದೆ. ಜೀಪಿನವರ 38,000ವನ್ನು ಕಂತಿನಲ್ಲಿ ನಾನೇ ಕೊಟ್ಟೆ. ಕೊನೇ ಕಂತು ಹಾಕಿದ ದಿನ ಅವರು ಫೋನ್ ಮಾಡಿ, 'ಮೇಡಂರೀ, ಮತ್ತ ಸರ್ವೆ ಇದ್ರ ಹೇಳ್ರೀ, ಗಾಡಿ ಬಿಡ್ತೀನಿ, ಆದರ ರೊಕ್ಕ ಮೊದ್ಲ' ಅಂದರು.

ಯಾರ ಕೈಯಲ್ಲಾದರೂ ಈಗ ಇಂಥ ಆಫರ್ ಲೆಟರ್ ಇದ್ದರೆ, ಸಹಿ ಹಾಕುವ ಮುಂಚೆ ಹೆಸರು ಅಳಿಸಿ ನನಗೆ ಕಳಿಸಿ. ಭಾನುವಾರ ಕೂತು ಓದಿ ಹೇಳುತ್ತೇನೆ.