ಹೋಲ್‌ಸ್ಟರ್ ಸ್ಕ್ರೂ ಸಡಿಲವಾಗದಿರಲು ನಾನು ಹಾಕಿ ನೋಡಿದ್ದು

ಹೋದ ಪಿಸ್ತೂಲು ಶೂಟಿಂಗ್ ಪಂದ್ಯದಲ್ಲಿ ಮೂರನೇ ಸ್ಟೇಜಿಗೆ, ಅಂದರೆ ಮೂರನೇ ಸುತ್ತಿಗೆ, ನಡೆದು ಹೋಗುವಾಗ ಸೊಂಟದ ಹತ್ತಿರ ಲಟಲಟ ಸದ್ದು. ನೋಡಿದರೆ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲು ಸಿಕ್ಕಿಸಿಕೊಳ್ಳುವ ಒರೆ) ಪಿಸ್ತೂಲಿನ ಹಿಡಿತಕ್ಕೆಂದು ಬೆಳಗ್ಗೆ ಬಿಗಿ ಮಾಡಿದ್ದ ಸ್ಕ್ರೂ ಅರ್ಧ ಬಿಚ್ಚಿಕೊಂಡಿದೆ. ಐಪಿಎಸ್‌ಸಿ (ಓಡಾಡುತ್ತಾ ಗುರಿಗಳಿಗೆ ಗುಂಡು ಹೊಡೆಯುವ ಶೂಟಿಂಗ್ ಕ್ರೀಡೆ) ಪಂದ್ಯದಲ್ಲಿ ಸ್ಟೇಜ್ ಆಡುವಾಗ ಪಿಸ್ತೂಲು ಜಾರಿ ಬಿದ್ದರೆ ಇಡೀ ಪಂದ್ಯದಿಂದಲೇ ಹೊರಗೆ. ಮನೆಗೆ ಬಂದವನೇ ಒಂದೊಂದಾಗಿ ಹಾಕಿ ನೋಡಲು ಕೂತೆ. ಪಿಸ್ತೂಲು ಖಾಲಿ, ಗುಂಡುಗಳು ಬೇರೆ ಕೋಣೆಯಲ್ಲಿ. ಒಂದೊಂದಕ್ಕೂ ಸುಮಾರು 200 ಡ್ರಾ, ಅಂದರೆ ಹೋಲ್‌ಸ್ಟರ್‌ನಿಂದ ಪಿಸ್ತೂಲು ಎಳೆದು ತೆಗೆಯುವುದು.

ಮೊದಲು ಸ್ಪ್ರಿಂಗ್ ವಾಷರ್. ಕಬ್ಬಿಣದ ಮೇಲೆ ಹೇಗೋ ಗೊತ್ತಿಲ್ಲ, ನನ್ನ ಹೋಲ್‌ಸ್ಟರ್‌ನ ಗಟ್ಟಿ ಪ್ಲಾಸ್ಟಿಕ್ ಆದ ಕೈಡೆಕ್ಸ್ ಮೇಲಂತೂ ಸುಮ್ನೆ ದಂಡ. ಅದರ ಚೂಪು ತುದಿ ಪ್ಲಾಸ್ಟಿಕ್ ಕೆರೆದು ಗುಳಿ ಮಾಡಿತು, ಹಿಡಿತ ಮಾತ್ರ ಬರಲಿಲ್ಲ.

ನೇಲ್ ಪಾಲಿಶ್ ಬಗ್ಗೆ ನನಗೆ ನಗು ಇತ್ತು. ಆದರೆ ಸ್ಕ್ರೂ ತಲೆಯ ಅಂಚಿಗೆ ಒಂದು ಹನಿ ಬಿಟ್ಟರೆ ಅದು ಪರವಾಗಿಲ್ಲ ಅನ್ನುವಷ್ಟು ನಿಲ್ಲುತ್ತದೆ, ಬಿಚ್ಚುವುದೂ ಸುಲಭ. ಒಂದೇ ತೊಂದರೆ, ಕಾಲು ಸುತ್ತು ತಿರುಗಿಸಿದರೂ ಒಡೆದು ಹೋಗುತ್ತದೆ, ಮತ್ತೆ ಹಚ್ಚಬೇಕು.

ನೈಲಾನ್ ರಿಂಗ್ ಇರುವ ಲಾಕ್ ನಟ್ ಚೆನ್ನಾಗಿ ಹಿಡಿಯಿತು. ಆದರೆ ನನ್ನ ಹೋಲ್‌ಸ್ಟರ್ ಹಿಂದೆ ನಟ್ ಕೂರಲು ಜಾಗ ಕಡಿಮೆ, ಬೆಲ್ಟ್‌ಗೆ ತಗಲುತ್ತಿತ್ತು. ಹಾಕಿ ಬಿಚ್ಚಿ ಮಾಡಿದಷ್ಟೂ ಆ ನೈಲಾನ್ ಸವೆಯುತ್ತದೆ ಬೇರೆ.

ಕೊನೆಗೆ ನೀಲಿ ಥ್ರೆಡ್‌ಲಾಕರ್, ಸ್ಕ್ರೂ ಸುರುಳಿಗೆ ಹಚ್ಚುವ ಅಂಟು. ಇಲ್ಲೇ ನಾನು ಎಡವಿದ್ದು. ಹೋಲ್‌ಸ್ಟರ್‌ನಲ್ಲೇ ಸ್ಕ್ರೂ ಬಿಟ್ಟು ಮೇಲಿಂದ ಸುರಿದೆ. ಈ ಅಂಟು ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಬಿಡಿಸುತ್ತದೆ ಅಂತ ಆಮೇಲೆ ತಿಳಿದು, ಎಲ್ಲ ಒರೆಸಿ, ಸ್ಕ್ರೂ ಹೊರಗೆ ತೆಗೆದು, ತುದಿಗೆ ಅರ್ಧ ಹನಿ ಮಾತ್ರ ಹಚ್ಚಿ ಮತ್ತೆ ಹಾಕಿದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು, ಪಂದ್ಯದ ಹಿಂದಿನ ರಾತ್ರಿ ಹಚ್ಚಬೇಡಿ. ಕೆಂಪು ಥ್ರೆಡ್‌ಲಾಕರ್ ಮುಟ್ಟಲೇಬೇಡಿ. ಅದನ್ನು ಬಿಡಿಸಲು ಬೇಕಾಗುವ ಬಿಸಿಗೆ ಕೈಡೆಕ್ಸ್ ಮೊದಲೇ ಮೆತ್ತಗಾಗಿ ಹೋಗುತ್ತದೆ.

ಇಷ್ಟೆಲ್ಲ ಆದಮೇಲೆ ಹೊಳೆದದ್ದು, ನನ್ನ ನಿಜವಾದ ಕಳ್ಳ ಸ್ಕ್ರೂ ಅಲ್ಲವೇ ಅಲ್ಲ, ಹೋಲ್‌ಸ್ಟರ್‌ನ ಎರಡು ಪದರಗಳ ನಡುವೆ ಕೂತ ಆ ಪುಟ್ಟ ರಬ್ಬರ್ ವಾಷರ್. ಸ್ಕ್ರೂ ಒಳಕ್ಕೆ ಒತ್ತುತ್ತದೆ, ರಬ್ಬರ್ ಹೊರಕ್ಕೆ ತಳ್ಳುತ್ತದೆ. ಆ ತಳ್ಳಾಟ ಇರುವವರೆಗೆ ಸ್ಕ್ರೂ ತಾನಾಗಿ ತಿರುಗುವುದು ಕಷ್ಟ. ನನ್ನದು ಚಪ್ಪಟೆಯಾಗಿ ಸತ್ತೇ ಹೋಗಿತ್ತು. ಹೊಸದು, ಸ್ವಲ್ಪ ದಪ್ಪದ್ದು ಹಾಕಿದೆ. ಅಂಟು ಏನೂ ಇಲ್ಲದೆಯೇ 200 ಡ್ರಾ ತಡೆಯಿತು ಅಂದ್ರೆ ನಂಬ್ತೀರಾ?

ಇನ್ನೊಂದು. ತಿರುಗಿಸಿದರೂ ಬಿಗಿ ಆಗುತ್ತಿಲ್ಲ ಅಂದರೆ ಬಲ ಹಾಕಬೇಡಿ. ಹಿಂದಿನ ಪೋಸ್ಟ್, ಅಂದರೆ ಸ್ಕ್ರೂ ಒಳಗೆ ಕೂರುವ ಪುಟ್ಟ ಕೊಳವೆಯಂಥ ನಟ್, ಜೊತೆಗೇ ಸುತ್ತುತ್ತಿರಬಹುದು, ಅಥವಾ ಸ್ಕ್ರೂ ಅದರ ತಳ ಮುಟ್ಟಿರಬಹುದು. ಮೊದಲನೆಯದಕ್ಕೆ ಹಿಂದಿನಿಂದ ಹಿಡಿದುಕೊಳ್ಳಿ, ಎರಡನೆಯದಕ್ಕೆ ದಪ್ಪ ವಾಷರ್ರೇ ಮದ್ದು.

ಈಗ ನನ್ನದರಲ್ಲಿ ಹೊಸ ರಬ್ಬರ್, ಅರ್ಧ ಹನಿ ನೀಲಿ, ಸ್ಕ್ರೂ ತಲೆಯಿಂದ ಕೈಡೆಕ್ಸ್ ಮೇಲಕ್ಕೆ ಬಿಳಿ ಪೇಂಟ್‌ನ ಒಂದು ಗೆರೆ. ಸ್ಟೇಜಿಗೆ ಹೋಗುವ ಮುಂಚೆ ಗೆರೆ ನೇರ ಇದೆಯಾ ಅಂತ ಕಣ್ಣು ಹಾಯಿಸುತ್ತೇನೆ, ಅಷ್ಟೇ.